ಜೇಬಿನಲ್ಲಿ ಉಳಿದ ಬಿರಡೆ

ಗೆಳತಿಯರು ಅವಳಿಗೆ ಚಿಲಕ ಎಂದು ಹೆಸರಿಟ್ಟಿದ್ದರು. ಮನೆಯಿಂದ ಹೊರಟವಳು ಬೀದಿಯ ತಿರುವಿನವರೆಗೆ ಬಂದು, ಮತ್ತೆ ಹಿಂದಕ್ಕೆ ಹೋಗಿ ಬಾಗಿಲು ಎಳೆದು ನೋಡದಿದ್ದರೆ ಅವಳಿಗೆ ಮುಂದಿನ ಹೆಜ್ಜೆ ಏಳುತ್ತಿರಲಿಲ್ಲ. ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲಿ ಈ ಅಭ್ಯಾಸಕ್ಕೆ ಬೆಲೆಯಿತ್ತು. ಚೀಟಿಯ ಹೆಸರನ್ನೂ ಮಾತ್ರೆಯ ಹೆಸರನ್ನೂ ತಾಳೆ ನೋಡಿ, ಕೈಗಿಡುವ ಮುನ್ನ ಇನ್ನೊಮ್ಮೆ ನೋಡುತ್ತಿದ್ದಳು. ಅಂಗಡಿಯ ಹೊರಗೆ ಮಾತ್ರ ಅದು ನಗೆಪಾಟಲು.

ಆ ಭಾನುವಾರ ಬಂದರಿನೆದುರಿನ ದ್ವೀಪವನ್ನು ಕಯಾಕಿನಲ್ಲಿ, ಒಬ್ಬೊಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ, ಸುತ್ತಿ ಬರಲು ಹೊರಟವರು ಮೂವರು: ಚಿಲಕ, ಅವಳ ನಾದಿನಿ ಪುಟ್ಟಿ, ಮತ್ತು ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳತಿ, ಹಲ್ಲಿನ ಡಾಕ್ಟರು. ಪುಟ್ಟಿಗೆ ಈಜು ಬಾರದು. "ನಿನ್ನ ನಂಬಿ ಕಳಿಸ್ತಿದ್ದೀನಿ ಕಣಮ್ಮ" ಎಂದು ಅತ್ತೆ ಬಾಗಿಲಲ್ಲಿ ಹೇಳಿದ ಮಾತು ಚಿಲಕಳ ಕಿವಿಯಲ್ಲೇ ಕೂತಿತ್ತು.

ಬಾಡಿಗೆಗೆ ಸಿಕ್ಕಿದ್ದು ಎರಡು ಹಳದಿ ದೋಣಿ, ಒಂದು ಕೆಂಪು. ಒಳಗೆ ಟೊಳ್ಳಾದ ಪ್ಲಾಸ್ಟಿಕ್ ದೋಣಿಗಳು. ಹಿಂತುದಿಯಲ್ಲಿ ನೀರು ಬಸಿಯಲು ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ. "ಒತ್ತಿ ಕೂರಿಸ್ಕೊಳ್ಳಿ" ಎಂದ ದೋಣಿಯವನು. "ಮರೆತ್ರೆ ಮೊದಮೊದಲು ಗೊತ್ತೇ ಆಗಲ್ಲ. ಹಿಂದೆ ಕುಸಿಯೋಕೆ ಶುರುವಾದ್ರೆ ಆಮೇಲೆ ಸರಸರ ತುಂಬ್ಕೊಳತ್ತೆ."

ಪುಟ್ಟಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಅವಳ ಬಿರಡೆಯನ್ನೂ ಚಿಲಕಳೇ ಇಸಿದುಕೊಂಡಳು. ಪಕ್ಕಪಕ್ಕದ ಎರಡು ಹಳದಿ ದೋಣಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದನ್ನು ಹೆಬ್ಬೆರಳಿಂದ ಒತ್ತಿದಳು. ಆಗಲೇ ಡಾಕ್ಟರು ಬಂದು ಅವಳ ತೋಳು ಹಿಡಿದು ಎಬ್ಬಿಸಿದ್ದು.

"ಸಾಕು ಏಳೇ. ಇವತ್ತು ಏನನ್ನೂ ಎರಡನೇ ಸಲ ಮುಟ್ಟಿ ನೋಡೋ ಹಾಗಿಲ್ಲ. ನೋಡಿದ್ಯೋ, ಇನ್ಮೇಲೆ ನಿನ್ನನ್ನ ಎಲ್ಲಿಗೂ ಕರಿಯಲ್ಲ."

"ಮಾತು ಕೊಡಿ ಅತ್ತಿಗೆ" ಎಂದು ಪುಟ್ಟಿಯೂ ಗಂಟುಬಿದ್ದಳು. "ನೀವು ಹತ್ತತ್ತು ಸಲ ಮುಟ್ಟಿ ನೋಡೋ ನಿಮ್ಮನೆ ಗ್ಯಾಸ್ ಒಲೆಗೂ ಒಂದಿನ ರಜ ಸಿಗಲಿ."

ನಗುತ್ತಾ ಮಾತು ಕೊಟ್ಟಳು. ದೋಣಿಗಳು ನೀರಿಗಿಳಿದವು.

ಅರ್ಧ ದಾರಿ ಹಿತವಾಗಿಯೇ ಸಾಗಿತು. ಕನ್ನಡಿಯಂಥ ನೀರು, ಬೆನ್ನಿಗೆ ಎಳೆಬಿಸಿಲು. ಮುಂದೆ ಡಾಕ್ಟರು, ನಡುವೆ ಪುಟ್ಟಿ. ಚಿಲಕ ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದಳು. ಹಿಂದಿದ್ದರೆ ಪುಟ್ಟಿಯ ಮೇಲೆ ಕಣ್ಣಿಟ್ಟಿರಬಹುದು. ದ್ವೀಪದ ಮೂಲೆ ತಿರುಗಿದ್ದೇ ತಡ ಬಂದರು ಮರೆಯಾಯಿತು. ಈಚೆಗೆ ಕಾಲಿಡಲೂ ಜಾಗವಿಲ್ಲದ ಕಡಿದಾದ ಕಪ್ಪು ಬಂಡೆ, ಆಚೆಗೆ ಹಡಗುಗಳ ದಾರಿ. ಗಾಳಿ ಎದ್ದು ಅಲೆಗಳು ಅಡ್ಡಡ್ಡ ಬಡಿಯತೊಡಗಿದವು.

ಕೆನ್ನೆ ಉರಿಯಿತೆಂದು ಕ್ರೀಮಿಗಾಗಿ ಲೈಫ್ ಜಾಕೆಟ್ಟಿನ ಜೇಬಿಗೆ ಕೈಹಾಕಿದಳು. ಬೆರಳಿಗೆ ಸಿಕ್ಕಿದ್ದು ರಬ್ಬರಿನ ಗುಂಡು.

ಹೊರತೆಗೆದು ನೋಡಿದಳು: ಬಿರಡೆ. ಒತ್ತಿದ ನೆನಪಿದ್ದದ್ದು ಒಂದೇ ಸಲ. ಯಾವ ದೋಣಿಗೆ? ಎಡಗಡೆಯದಕ್ಕೋ, ಬಲಗಡೆಯದಕ್ಕೋ? ಆ ಗಳಿಗೆ ಎಷ್ಟು ಕೆದಕಿದರೂ ಡಾಕ್ಟರು ತೋಳು ಹಿಡಿದೆಳೆದದ್ದೇ ನೆನಪಿಗೆ ಬರುತ್ತಿತ್ತು. ಕಣ್ಣು ಪುಟ್ಟಿಯ ದೋಣಿಯ ಹಿಂತುದಿಗೆ ಅಂಟಿಕೊಂಡಿತು. ಅಲೆ ಬಂದಾಗ ಅದು ಮುಳುಗಿ ಏಳುತ್ತಿತ್ತು. ಕಳೆದ ಸಲಕ್ಕಿಂತ ತಡವಾಗಿ ಎದ್ದಿತೇ? ಹೌದೆನಿಸಿತು, ಇಲ್ಲವೆನಿಸಿತು.

ಹೇಳಿಬಿಡಲೇ? ಹೇಳಿದರೆ ನಗುತ್ತಾರೆ. ನಗಲಿ, ಆದರೆ ಪುಟ್ಟಿ ಗಾಬರಿಯಾಗಿ ಹಿಂದಕ್ಕೆ ವಾಲಿದರೆ? ದೋಣಿ ಮಗುಚಿದರೆ? ಹತ್ತಿರ ಹೋಗಿ ಹೇಳೋಣವೆಂದು ಜೋರಾಗಿ ಹುಟ್ಟು ಹಾಕಿದಳು. ಅಂತರ ಕಡಿಮೆಯಾಗಲೇ ಇಲ್ಲ. ತೋಳುಗಳು ಕಲ್ಲಾಗಿದ್ದವು. ಹೆದರಿದರೆ ಕೈಕಾಲಲ್ಲಿ ಶಕ್ತಿಯೇ ಇರುವುದಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ದೂರದಲ್ಲಿ ಹಡಗೊಂದು ಕೂಗಿತು.

"ಪುಟ್ಟೀ! ನಿಲ್ಲು! ಡಾಕ್ಟ್ರೇ, ತಿರುಗು!"

ಕೆಂಪು ದೋಣಿ ಸಾವಕಾಶವಾಗಿ ತಿರುಗಿ ಪುಟ್ಟಿಯ ಬಳಿ ಬಂತು. "ಏನೇ ಚಿಲಕ, ಮನೆ ಬೀಗ ನೆನಪಾಯ್ತಾ?"

ಚಿಲಕ ಬಿರಡೆಯನ್ನು ಎತ್ತಿ ಹಿಡಿದಳು. "ಪುಟ್ಟಿದು ಹಾಕಿಲ್ಲ ಅನ್ಸತ್ತೆ. ನೋಡು, ಬೇಗ ನೋಡೇ."

ಪುಟ್ಟಿಯ ಮುಖ ಸುಣ್ಣವಾಯಿತು. "ಅತ್ತಿಗೆ, ನಂಗೆ ಈಜು..."

"ಏನೂ ಆಗಲ್ಲ, ಅಲ್ಲಾಡ್ಬೇಡ" ಎನ್ನುತ್ತಾ ಡಾಕ್ಟರು ಬಾಗಿ ತುದಿಯನ್ನು ತಡವಿದಳು. ಮರುಗಳಿಗೆ ಅವಳ ನಗು ಅಲೆಯ ಮೇಲೆ ಹಾರಿಬಂತು. "ಗಟ್ಟಿಯಾಗಿ ಕೂತಿದೆ ಕಣೇ ಮಹಾತಾಯಿ! ಸುಮ್ನೆ ಮಗೂನ ಹೆದರಿಸಿದ್ಯಲ್ಲ. ಮತ್ತೆ ನಿನ್ನ ಕೈಲಿರೋದು..."

ಮಾತು ಅಲ್ಲೇ ನಿಂತಿತು. ಡಾಕ್ಟರ ಕಣ್ಣು ಚಿಲಕಳನ್ನು ದಾಟಿ ಅವಳ ಬೆನ್ನ ಹಿಂದಕ್ಕೆ ಹೋಗಿತ್ತು.

"ಚಿಲಕ. ತಿರುಗ್ಬೇಡ. ಹಾಗೇ ಕೂತಿರು."

ತಿರುಗಿದಳು. ದೋಣಿಯ ಹಿಂಭಾಗ ಕಾಣಲಿಲ್ಲ. ಕೂತ ಜಾಗದ ಒಂದು ಮೊಳ ಹಿಂದೆ ಹಳದಿ ಬಣ್ಣ ನೀರೊಳಗೆ ಇಳಿದು ಹಸಿರಾಗಿತ್ತು. ಒಳಗೆ ನೀರು ಗುಳುಗುಳು ಎಂದು ಆಚೀಚೆ ಓಡುವುದು ಈಗ ತೊಡೆಗಳಿಗೆ ತಿಳಿಯಿತು. ಕೈ ಸೋತದ್ದು ಹೆದರಿಕೆಯಿಂದಲ್ಲ.

ಡಾಕ್ಟರು ಎರಡೇ ಎಳೆತಕ್ಕೆ ಬಂದು ತನ್ನ ಹುಟ್ಟನ್ನು ಅಡ್ಡ ಹಾಕಿ ಚಿಲಕಳ ದೋಣಿಯನ್ನು ಅವಚಿ ಹಿಡಿದಳು. ಹಿಡಿತ ಬಿಟ್ಟರೆ ಮಗುಚುವುದು ಖಂಡಿತ. ತೂತಿನ ಬಳಿಗೆ ಕೈ ನಿಲುಕುವುದು, ಹಿಂದೆಯೇ ಹುಟ್ಟು ಹಾಕಿ ಬಂದು ಪಕ್ಕಕ್ಕೆ ಸೇರಿದ್ದ ಪುಟ್ಟಿಗೊಬ್ಬಳಿಗೇ.

"ಬೇಡ ಪುಟ್ಟಿ, ನೀನು ಬಗ್ಗಬೇಡ" ಎಂದಳು ಚಿಲಕ. ಅತ್ತೆಯ ಮುಖ ಕಣ್ಣ ಮುಂದೆ ಬಂತು.

"ಕೊಡಿ ಅತ್ತಿಗೆ."

ಬಿರಡೆ ಒದ್ದೆ ಬೆರಳಿನಿಂದ ಒದ್ದೆ ಬೆರಳಿಗೆ ಹೋಯಿತು. ಪುಟ್ಟಿ ಒಂದು ಕೈಯಲ್ಲಿ ತನ್ನ ದೋಣಿಯ ಹಗ್ಗ ಹಿಡಿದು, ಇನ್ನೊಂದನ್ನು ಭುಜದವರೆಗೆ ನೀರಿಗಿಳಿಸಿದಳು. ಕೆನ್ನೆ ನೀರಿಗೆ ತಾಗಿತು. ಅಲೆಯೊಂದು ತಲೆಯ ಮೇಲೆ ಹಾದುಹೋದಾಗ ಚಿಲಕ ಕೂಗಿಕೊಂಡಳು. ಪುಟ್ಟಿ ಕೆಮ್ಮುತ್ತಾ ಎದ್ದಳು.

"ಕೂತಿತು."

ದೋಣಿ ಇನ್ನಷ್ಟು ಇಳಿಯಲಿಲ್ಲ, ಏಳಲೂ ಇಲ್ಲ. ಒಳಗೆ ಸೇರಿದ್ದ ನೀರು ಹಾಗೇ ಇತ್ತು. ಬಂಡೆಯ ಗೋಡೆ ಇನ್ನೂ ಉದ್ದಕ್ಕಿತ್ತು. ಹಡಗು ಮತ್ತೆ ಕೂಗಿತು, ಈ ಸಲ ಹತ್ತಿರದಿಂದ.

"ಪುಟ್ಟಿ" ಎಂದಳು ಚಿಲಕ. "ಇನ್ನೊಂದ್ಸಲ ಒತ್ತಿ ನೋಡೇ."

ಯಾರೂ ನಗಲಿಲ್ಲ. ಪುಟ್ಟಿ ಉಸಿರು ಕಟ್ಟಿ ಮತ್ತೆ ನೀರಿಗೆ ಬಾಗಿದಳು. ಡಾಕ್ಟರು ಹಿಡಿದ ಹುಟ್ಟನ್ನು ಬಿಡದೆ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ನಿಲುಕದಿದ್ದರೂ ತನ್ನ ಕೆಂಪು ದೋಣಿಯ ತುದಿಯ ಬಿರಡೆಗಾಗಿ ತಡಕಾಡುತ್ತಿದ್ದಳು.