ಉದ್ಯಾನದಲ್ಲಿ ಕೂಗಲು ಅನುಮತಿ

ಬಸ್ ಓಡಿಸುವ ಹೆಂಗಸು ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬದಲಿಸದೆ ಉದ್ಯಾನ ಕಚೇರಿಗೆ ಬಂದಾಗ, ಗುಮಾಸ್ತ ಅವಳ ಮುಖ ಕಂಡ ಕೂಡಲೇ ತಲೆ ಅಲ್ಲಾಡಿಸಿದ.

"ಇಲ್ಲಮ್ಮ, ಅನುಮತಿ ಕೊಡೋಕಾಗಲ್ಲ."

"ಯಾಕ್ ಸಾರ್? ಹುಲ್ಲು ಅಗೆಯಲ್ಲ, ಬೆಂಕಿ ಹಚ್ಚಲ್ಲ ಅಂತ ಬರೆದುಕೊಟ್ಟಿದ್ದೀನಲ್ಲ?"

"ಹುಲ್ಲಿನ ಮಾತಲ್ಲ. ಎದುರು ಮನೆ ಕನ್ನಡಕದಂಗಡಿಯವರು ತಕರಾರು ಕೊಟ್ಟಿದ್ದಾರೆ. ಹೋದ ವರ್ಷದ ಗಲಾಟೆ ಮರೆತುಬಿಟ್ರಾ?"

ಮರೆಯುವುದುಂಟೇ? ಅವರ ಬಡಾವಣೆ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಅಗ್ನಿಶಾಮಕ ವಾಹನ ಕೆಳಗಿನ ತಿರುವಿನಲ್ಲೇ ನಿಂತುಬಿಡುತ್ತಿತ್ತು. ಒಮ್ಮೆ ಮೇಲಿನ ಓಣಿಯಲ್ಲಿ ಗೋಡೆ ಕುಸಿದಾಗ ಊರಿಗೆ ಊರೇ ಓಡಿಬಂದಿತ್ತು. ಆದರೆ ಒಬ್ಬ ಒಂದು ಕಲ್ಲು ಎಳೆದರೆ ಇನ್ನೊಬ್ಬ ಅದನ್ನೇ ಒತ್ತಿ ಹಿಡಿದಿದ್ದ. ಅಡಿಯಲ್ಲಿ ಸಿಕ್ಕಿಬಿದ್ದವನು ಬದುಕಿದ್ದು ಅವನ ಆಯಸ್ಸು ಗಟ್ಟಿಯಿದ್ದುದರಿಂದಲೇ ಹೊರತು ಇವರ ಜಾಣತನದಿಂದಲ್ಲ. ಆಮೇಲೆ ಬಸ್ಸಿನವಳು ಮುಂದೆ ನಿಂತು ನೆರೆಹೊರೆಯವರದೊಂದು ತುರ್ತು ನೆರವಿನ ತಂಡ ಕಟ್ಟಿದಳು. ಅಗ್ನಿಶಾಮಕ ಠಾಣೆಯ ತರಬೇತುದಾರ ರಜೆಯ ದಿನ ಬಂದು ಪಾಠ ಹೇಳುತ್ತಿದ್ದ. ಆದರೆ ಗಾಯಾಳುಗಳನ್ನು ಮಲಗಿಸಿ, ಯಾರನ್ನು ಮೊದಲು ಎತ್ತಬೇಕೆಂದು ನೋಡಿ, ಸ್ಟ್ರೆಚರ್ ಹೊತ್ತು ನಡೆಯುವುದನ್ನು ಕುರ್ಚಿಯ ಮೇಲೆ ಕೂತು ಕಲಿಯಲಾದೀತೇ? ಇಡೀ ಗುಡ್ಡದಲ್ಲಿ ಸಮತಟ್ಟಾದ ಜಾಗವೆಂದರೆ ಆ ಉದ್ಯಾನವೊಂದೇ.

ಹೋದ ವರ್ಷ ಇದೇ ಗುಮಾಸ್ತ "ಮಾಡ್ಕೊಳ್ಳಿ, ಹೋಗಿ" ಎಂದು ಬಾಯಿಮಾತಿನಲ್ಲಿ ಹೇಳಿದ್ದ. ಅವರೂ ಅಣಕು ತಾಲೀಮು ಮಾಡಿಕೊಂಡರು. ಗಾಯಾಳುವಿನ ಪಾತ್ರಕ್ಕೆ ಬಸ್ಸಿನವಳ ಅತ್ತೆಯೇ ಮುಂದೆ ಬಂದರು. ನೂಲಿನ ಗಿರಣಿಯ ಗದ್ದಲವನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲು ಅದು. ಕಾಲಿಗೆ ಬೀಟ್‌ರೂಟ್ ರಸ ಸುರಿದುಕೊಂಡು "ಅಯ್ಯೋ, ಸತ್ತೇ!" ಎಂದು ಅವರು ಕೂಗಿದ ಕೂಗಿಗೆ ನಿಜವಾದ ಆಂಬುಲೆನ್ಸ್ ಬಂತು, ಅದರ ಬೆನ್ನಿಗೇ ಪೊಲೀಸ್ ಜೀಪೂ ಬಂತು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಬೇರೆಲ್ಲೂ ಆಂಬುಲೆನ್ಸಿನ ಅಗತ್ಯ ಬೀಳಲಿಲ್ಲ.

"ಅವರು ತಕರಾರು ವಾಪಸ್ ತಗೊಂಡ್ರೆ ಈಗಲೇ ಮುದ್ರೆ ಒತ್ತುತೀನಿ," ಎಂದ ಗುಮಾಸ್ತ. "ನನ್ನ ಕೈಲಿರೋದು ಇಷ್ಟೇ."

ತರಬೇತುದಾರನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಬರುವ ಭಾನುವಾರ ತಪ್ಪಿದರೆ ಮತ್ತೊಬ್ಬ ಯಾವಾಗ ಸಿಗುತ್ತಾನೋ ದೇವರಿಗೇ ಗೊತ್ತು. ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆಯ ಮೂಗಿನ ತುದಿ ಕೆಂಪಾಯಿತು.

"ಏನೇ ಇದು, ಅಷ್ಟು ಚೆನ್ನಾಗಿ ಸತ್ತಿದ್ದೇ ತಪ್ಪಾ?"

"ತಪ್ಪು ನಿಮ್ಮದಲ್ಲ, ಅತ್ತೆ. ಆದ್ರೆ ಆ ಮನುಷ್ಯನ ಹತ್ರ ಹೋಗಿ ಮಾತಾಡ್ಲೇಬೇಕು."

"ನಡಿ, ನಾನೂ ಬರ್ತೀನಿ. ಬದುಕಿದ್ದೀನಿ ಅಂತ ಕಣ್ಣಾರೆ ನೋಡ್ಲಿ."

ಕನ್ನಡಕದವನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯ ಮೇಲೆ ಕೆಳಕೆಳಗೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಫಲಕ, ಮೇಜಿನ ಮೇಲೆ ಗಾಜು ಉಜ್ಜುವ ಯಂತ್ರ, ಅದರ ಸುತ್ತ ಹಿಟ್ಟಿನಂಥ ಬಿಳಿ ಧೂಳು. ಐವತ್ತು ದಾಟಿದ ಒಂಟಿ ಮನುಷ್ಯ. ಅತ್ತೆಯನ್ನು ಕಂಡದ್ದೇ ತಡ, ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟ.

"ಆವತ್ತು ಬಿದ್ದಿದ್ದೋರು ನೀವೇ ಅಲ್ವಾ?"

"ನಾನೇ ಕಣಪ್ಪ. ಗುಂಡುಕಲ್ಲಿನ ಹಾಗಿದ್ದೀನಿ ನೋಡು."

ಅವನು ನಗಲಿಲ್ಲ. ಬಸ್ಸಿನವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ನುಂಗಿಕೊಂಡಳು. ಗದ್ದಲದ ಬಗ್ಗೆ ಜಗಳವಾಡುವ ಮುಖವಲ್ಲ ಅದು.

"ಗಲಾಟೆ ಆಯ್ತು ಅಂತ ಬೇಜಾರಾ ಸಾರ್?" ಎಂದು ಮೆಲ್ಲಗೆ ಕೇಳಿದಳು.

"ಗಲಾಟೆ ಹಾಗಿರಲಿ." ಅವನು ಕಿಟಕಿಯತ್ತ ನೋಡಿದ. "ನಾನು ಬರಿಗಾಲಲ್ಲಿ ಓಡಿದೆ. ಗೇಟಿನ ಹತ್ರ ಹೋಗೋಷ್ಟರಲ್ಲಿ ರಕ್ತ ಕಾಣಿಸ್ತು. ಅಲ್ಲೇ ನಿಂತುಬಿಟ್ಟೆ. ಕಾಲೇ ಏಳಲಿಲ್ಲ. ಒಬ್ಬ ಹೆಂಗಸು ಕಣ್ಣೆದುರು ಸಾಯ್ತಿದ್ದಾಳೆ, ನಾನು ಕಂಬದ ಹಾಗೆ ನಿಂತಿದ್ದೀನಿ. ಆಮೇಲೆ ನೀವೆಲ್ಲ ಎದ್ದು ಮೈ ಕೊಡವಿಕೊಂಡು ನಕ್ರಿ. ಆಂಬುಲೆನ್ಸ್ ಬಂದಾಗ ಯಾರೋ ಚಪ್ಪಾಳೆ ಬೇರೆ ತಟ್ಟಿದ್ರು."

ಬಸ್ಸಿನವಳ ಮುಖ ಸಣ್ಣದಾಯಿತು. ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು.

"ಫೋನ್ ಮಾಡಿದ್ಯಾರು?" ಅತ್ತೆ ಕೇಳಿದರು.

"ನಾನೇ. ಅದೊಂದೇ ಆಗಿದ್ದು ನನ್ನ ಕೈಲಿ."

"ಅದೊಂದೇ ಅಂದ್ರೇನ್ ಸಾರ್!" ಬಸ್ಸಿನವಳ ದನಿ ತಾನಾಗಿ ಏರಿತು. "ನಮ್ಮ ಮೊದಲನೇ ಪಾಠಾನೇ ಅದು. ಓಡಿಹೋಗಿ ಕೈ ಹಾಕೋಕೆ ಮುಂಚೆ ಸಹಾಯ ಕರೀಬೇಕು. ಗೋಡೆ ಬಿದ್ದ ದಿನ ಅಷ್ಟು ಜನ ಇದ್ವಿ, ಒಬ್ಬರಿಗೂ ಫೋನ್ ಮಾಡಬೇಕು ಅನ್ನಿಸಲಿಲ್ಲ. ಪಕ್ಕದವರು ಮಾಡಿರ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ವಿ. ಆವತ್ತು ಉದ್ಯಾನದಲ್ಲಿ ಸರಿಯಾಗಿ ಕೆಲಸ ಮಾಡಿದ್ದು ನೀವೊಬ್ರೇ. ಅದಕ್ಕೆ ನಾವು ನಕ್ವಿ. ತಪ್ಪಾಯ್ತು, ಸಾರ್."

ಅವನು ಅವಳನ್ನೇ ದಿಟ್ಟಿಸಿದ, ಹೇಳಿದ್ದು ಬೆಣ್ಣೆಮಾತೋ ನಿಜವೋ ಎಂದು ಅಳೆಯುವವನ ಹಾಗೆ. ಆಮೇಲೆ ಕನ್ನಡಕ ತೆಗೆದು, ಒರೆಸುವ ಅಗತ್ಯವೇ ಇಲ್ಲದ ಗಾಜನ್ನು ಬಹಳ ಹೊತ್ತು ಒರೆಸಿದ.

"ಆವತ್ತಿಂದ ಆ ಗೇಟಿನ ಕಡೆ ಹೋಗೇ ಇಲ್ಲ," ಎಂದ.

"ಭಾನುವಾರ ಬಾ," ಎಂದರು ಅತ್ತೆ. "ನಾನು ಮತ್ತೆ ಬೀಳ್ತೀನಿ. ಏನು ಮಾಡಬೇಕೋ ಅಲ್ಲೇ ಕಲೀ."

ಮರುದಿನ ಬಸ್ಸಿನವಳ ಜೊತೆ ಅವನೇ ಕಚೇರಿಗೆ ಬಂದು ತಕರಾರು ಹಿಂದಕ್ಕೆ ಪಡೆದ. ಗುಮಾಸ್ತ ಬಾಯಿಮಾತಿನ ಸಹವಾಸವೇ ಬೇಡವೆಂದು ಷರತ್ತುಗಳನ್ನು ಬರೆದ: ಪ್ರತಿ ಗೇಟಿಗೂ ಫಲಕ, ಆಂಬುಲೆನ್ಸ್‌ನವರಿಗೂ ಪೊಲೀಸರಿಗೂ ಮುಂಚೆಯೇ ಸುದ್ದಿ, ಎದುರು ಸಾಲಿನ ಮನೆಗಳಿಗೆಲ್ಲ ತಿಳಿವಳಿಕೆ. "ಮನೆಗಳಿಗೆ ನಾನು ಹೇಳ್ತೀನಿ," ಎಂದ ಕನ್ನಡಕದವನು. ಮುದ್ರೆ ಧಡ್ ಎಂದು ಬಿದ್ದಾಗ ಬಸ್ಸಿನವಳಿಗೆ, ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಯಿತು.

ಭಾನುವಾರ ಅತ್ತೆ ಹೊಂಗೆಮರದಡಿ ಬಿದ್ದು, ಹೋದ ವರ್ಷದ್ದಕ್ಕೆ ಏನೂ ಕಮ್ಮಿಯಿಲ್ಲದಂತೆ ಕೂಗಿದರು. ವಾಕಿಂಗಿನವರು ನಿಂತು, ಫಲಕ ಓದಿ, ತಲೆಯಾಡಿಸುತ್ತ ಮುಂದೆ ಹೋದರು. ಕನ್ನಡಕದವನು ಗೇಟಿನ ಬಳಿ ಒಂದು ಗಳಿಗೆ ನಿಂತ. ಬಸ್ಸಿನವಳು ಕರೆಯಲಿಲ್ಲ, ಕಾದಳು. ಅವನು ಒಳಗೆ ಕಾಲಿಟ್ಟ, ಹುಲ್ಲು ದಾಟಿದ, ಮಂಡಿಯೂರಿ ಮಡಿಸಿದ ಬಟ್ಟೆಯನ್ನು ಗಾಯದ ಮೇಲಿಟ್ಟ. ಬೆರಳ ತುದಿಯಿಂದಷ್ಟೇ ಒತ್ತಿದ.

"ಇನ್ನೂ ಗಟ್ಟಿಯಾಗಿ ಒತ್ತಪ್ಪ," ಅತ್ತೆ ಪಿಸುಗುಟ್ಟಿದರು. "ಸೋರಿಹೋಗ್ತಿದ್ದೀನಿ."

ಅವನಿಗೆ ನಗು ಬಂತು. ನಗುತ್ತಲೇ ಬಿಗಿಯಾಗಿ ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ತರಬೇತುದಾರ ಎಲ್ಲರ ಬೆನ್ನು ತಟ್ಟಿ, ತಂಡ ಸಿದ್ಧವಾಗಿದೆ ಎಂದು ಹೇಳಿ ಹೊರಟ. ಹಗ್ಗ, ಹೆಲ್ಮೆಟ್ಟುಗಳನ್ನು ಕಟ್ಟಿಡುವಾಗ ನೋಡಿದರೆ ಬಸ್ಸಿನವಳೇ ಕಾಣಿಸಲಿಲ್ಲ. ಮರದ ಹಿಂದೆ ಖಾಲಿ ಸ್ಟ್ರೆಚರಿನ ಮೇಲೆ ಉರುಳಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು.

ಯಾರೋ ಅವಳ ಭುಜಕ್ಕೆ ಕೈ ಹಾಕಹೊರಟರು.

"ಎಬ್ಬಿಸಬೇಡಿ," ಎಂದರು ಅತ್ತೆ, ಕಾಲಿನ ಬೀಟ್‌ರೂಟ್ ಒರೆಸಿಕೊಳ್ಳುತ್ತ. "ಪಾಪ, ಎಷ್ಟು ದಿನ ಆಗಿತ್ತೋ ಹೀಗೆ ಮಲಗಿ. ಎಲ್ಲರೂ ಒಂದೊಂದು ತುದಿ ಹಿಡೀರಿ, ಮನೆಗೆ ಹೊತ್ಕೊಂಡೇ ಹೋಗೋಣ."