ಬೆಳಿಗ್ಗೆ ಬರೆದ ಚೀಟಿ

"ಇನ್ನೂ 'ಬಾ'ದಲ್ಲೇ ಇದ್ದೀರಾ?" ಎಂದು ಪುರಾವೆ ಮೇಷ್ಟ್ರು ಮೂರನೆಯ ಸಲ ಬಂದು ಕೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಿಘಂಟಿನ ಆ ಪುಟ ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು. ಗಡಿಯಾರದಲ್ಲಿ ಆಗಲೇ ಮೂರೂ ಹತ್ತು.

ಈ ಕಚೇರಿಯಲ್ಲಿ ಅವಳಿಗೆ ಹನ್ನೊಂದು ವರ್ಷ. ಉದ್ದನೆಯ ಪದಗಳು ಹೇಗೋ ಮುಗಿಯುತ್ತವೆ, ಪ್ರಾಣ ತಿನ್ನುವುದೆಲ್ಲ ಇಂಥ ಗಿಡ್ಡ ಪದಗಳೇ. 'ಬಾ' ಎಂದರೆ ನಮ್ಮಲ್ಲಿ ಕರೆ. ಒಂದು ಭಾಷೆಯಲ್ಲಿ ತಾಯಿ, ಮತ್ತೊಂದರಲ್ಲಿ ಅಪ್ಪ, ಇನ್ನೆಲ್ಲೋ ಮೂರು ಎಂಬ ಎಣಿಕೆ. ಸದ್ದು ಒಂದೇ, ನೆಂಟಸ್ತಿಕೆ ಮಾತ್ರ ಇಲ್ಲ. ಅಷ್ಟನ್ನೂ ಟಿಪ್ಪಣಿಯಲ್ಲಿ ಬರೆದಾಗಿತ್ತು. ಬಾಕಿಯಿದ್ದದ್ದು ಉದಾಹರಣೆಯ ವಾಕ್ಯ. ಅದನ್ನು ಕೂತಲ್ಲೇ ಕಟ್ಟುವಂತಿಲ್ಲ ಎಂಬುದು ಪ್ರಧಾನ ಸಂಪಾದಕರ ಹಟ. ಯಾರದಾದರೂ ಬಾಯಿಂದ ಕೇಳಿದ್ದಾಗಿರಬೇಕು. ಚೀಟಿಯಲ್ಲಿ ಆಡಿದವರು, ದಿನಾಂಕ, ಹೊತ್ತು ಎಲ್ಲ ಇರಬೇಕು. ಸಂಪಾದಕರಿಗೆ ಪುರಾವೆ ಮೇಷ್ಟ್ರು ಎಂದು ಹೆಸರು ಬಿದ್ದದ್ದೇ ಅದಕ್ಕೆ.

ಚೀಟಿ ಇತ್ತು. ಬೆಳಿಗ್ಗೆಯೇ ಬರೆದು ರಿಜಿಸ್ಟರಿನ ಕೆಳಗೆ ಕವುಚಿ ಇಟ್ಟಿದ್ದಳು. ಎಳೆದು ನೋಡುತ್ತಿದ್ದಳು, ಮತ್ತೆ ಒಳಗೆ ತಳ್ಳುತ್ತಿದ್ದಳು. ಬಾಯಾರಿಕೆಯಿಲ್ಲದಿದ್ದರೂ ಎದ್ದು ನೀರು ಕುಡಿದಳು. ಕಿಟಕಿಯ ತನಕ ಹೋದಳು, ಬಂದಳು, ಕೂತಳು, ಎದ್ದಳು.

"ಏನಮ್ಮಾ, 'ಬಾ' ಅನ್ನೋ ಮಾತು ಕೇಳದೇ ಇರೋರು ಯಾರಾದ್ರೂ ಇದ್ದಾರಾ!" ಎನ್ನುತ್ತ ಮೇಷ್ಟ್ರು ರಿಜಿಸ್ಟರ್ ಸರಿಸಿಯೇಬಿಟ್ಟರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು: "'ಐದಕ್ಕೆ ಆಪರೇಷನ್ನಂತೆ. ಒಬ್ಬಳಿಗೇ ಭಯ ಆಗ್ತಿದೆ ಕಣೇ, ಬಾ.' ಆಡಿದವರು: ಅಕ್ಕ. ಫೋನಿನಲ್ಲಿ, ಹತ್ತೂ ಇಪ್ಪತ್ತಕ್ಕೆ. ವಿಶೇಷ: ಕೊನೆಯ ಸ್ವರ ನಡುಗುತ್ತದೆ."

ಓದುತ್ತ ಓದುತ್ತ ಅವರ ದನಿ ಇಳಿಯಿತು. "ಇದು ಇವತ್ತಿನ ದಿನಾಂಕ ಅಲ್ವಾ?"

"ಹೌದು ಸರ್."

"ಮತ್ತೆ ನೀವಿಲ್ಲಿ ಏನು ಮಾಡ್ತಿದ್ದೀರಿ?"

"ಪುಟ..." ಎಂದಳು. ಪುಟ ಬರೀ ನೆಪ. ಅಮ್ಮನ ಹೊಲಿಗೆ ಯಂತ್ರವನ್ನು ಅಕ್ಕ ಹೇಳದೆ ಕೇಳದೆ ಗುಜರಿಗೆ ಹಾಕಿದಂದಿನಿಂದ, ಎರಡು ವರ್ಷ, ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಕರೆದ ಕೂಡಲೇ ಓಡಿದರೆ ತಾನೇ ಸೋತ ಹಾಗೆ ಎಂಬ ಜಂಬ ಇವಳಿಗೆ. ಥೂ, ಅಕ್ಕ ಅಳುತ್ತಿದ್ದರೆ ನಾನು ಪೆನ್ನು ಹುಡುಕಿದೆನಲ್ಲ! ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಮೇಷ್ಟ್ರು ಚೀಟಿಯನ್ನು ಅವಳ ಕೈಗೇ ತುರುಕಿದರು. "ನಮ್ಮ ಮನೇಲಿ ದಿನಾ ಬೆಕ್ಕನ್ನ ಕರೀತಾರೆ, ಅದನ್ನೇ ಹಾಕ್ತೀನಿ. ಏಳಿ, ಏಳಿ ಮೊದಲು!"

ಬಸ್ಸು ಕಂಡ ಕಂಡ ಸಿಗ್ನಲ್ಲಿನಲ್ಲೆಲ್ಲ ನಿಂತಿತು. ಎರಡು ಸ್ಟಾಪ್ ಮೊದಲೇ ಇಳಿದು ಓಡಿದಳು. ಆಸ್ಪತ್ರೆಯ ಎರಡನೆಯ ಮಹಡಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಹಸಿರು ಗೌನು ತೊಟ್ಟ ಅಕ್ಕ ಬಾಗಿಲನ್ನೇ ನೋಡುತ್ತ ಮಲಗಿದ್ದಳು.

"ಅಂತೂ ಬಂದ್ಯಲ್ಲ, ಮಹಾರಾಯ್ತಿ." ಅಕ್ಕನ ತುಟಿ ಒಣಗಿತ್ತು. "ಫೋನಲ್ಲಿ ನಿನ್ನ ಪೆನ್ನಿನ ಟಿಕ್ ಕೇಳಿಸ್ತು. ಬರ್ಕೊಂಡೆ ತಾನೇ?"

"ಬರ್ಕೊಂಡೆ. ತಪ್ಪಾಯ್ತು ಅಕ್ಕ."

ಅಕ್ಕ ಮೆಲ್ಲಗೆ ಕಾಲು ಮಡಚಿಕೊಂಡು, ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.