ಸ್ಟೂರ್‌ನೂಟ್‌ನ ಭುಜದ ತನಕ

ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳ ಮೇಣದ ವಿಷಯಕ್ಕೆ ಬಂದರೆ ನಮ್ಮ ಕಣಿವೆಯಲ್ಲಿ ನನ್ನ ಮೂಗನ್ನು ಮೀರಿಸುವ ಮೂಗು ಇನ್ನೂ ಹುಟ್ಟಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಗಾಳಿ ಎಳೆದುಕೊಂಡರೆ ಸಾಕು, ನಾಳೆಯ ಹಿಮ ಒದ್ದೆಯೋ ಒಣಕಲೋ, ಹಲಗೆಯ ಅಡಿಗೆ ಯಾವ ಡಬ್ಬಿಯ ಮೇಣ ಹಚ್ಚಬೇಕು, ಎಲ್ಲ ಹೇಳಿಬಿಡುತ್ತೇನೆ. ರೇಡಿಯೊದಲ್ಲಿ ಹವಾಮಾನ ಓದುವವರೂ ನನ್ನನ್ನು ಕೇಳಿಯೇ ಓದುತ್ತಾರೆ. ಅವರ ಮಾತು ಸುಳ್ಳಾದ ದಿನ ಈ ತೊರ್ಗೆರ್ ಫೋನ್ ಎತ್ತಲಿಲ್ಲ ಎಂದು ತಿಳಿಯಬೇಕು.

ಇಂಥ ಮೂಗು ಹೊತ್ತುಕೊಂಡು ಕಳೆದ ಈಸ್ಟರ್ ರಜೆಯಲ್ಲಿ ನಾನು ಭಾವ ಹಾಲ್ವರ್‌ನನ್ನು ಸ್ಟೂರ್‌ನೂಟ್ ಶಿಖರ ಹತ್ತಿಸಲು ಹೊರಟೆ.

ಹಾಲ್ವರ್ ನನ್ನ ಅಕ್ಕ ಗುನ್ವೊರ್‌ಳ ಗಂಡ. ಎಲೆ ಉದುರುವ ಕಾಲದಲ್ಲಿ ಅವನ ಎದೆ ಬಿಚ್ಚಿ ಹೃದಯದ ನಾಳಗಳನ್ನು ಸರಿಪಡಿಸಿದ್ದರು. ಅಂದಿನಿಂದ ಆ ಮನೆಯಲ್ಲಿ ನಡೆದದ್ದೆಲ್ಲ ಒಂದೇ ಮಾತು: ಈ ಕಣಿವೆಯಲ್ಲೇ ಉಳಿಯುವುದೋ, ಆಸ್ಪತ್ರೆಗೆ ಹತ್ತಿರವಾಗುವ ಹಾಗೆ ಪಟ್ಟಣದ ಫ್ಲಾಟಿಗೆ ಹೋಗುವುದೋ. ಅಕ್ಕ ತನ್ನ ಇಷ್ಟ ಏನೆಂದು ಬಾಯಿ ಬಿಡಲಿಲ್ಲ. ಕೊನೆಗೆ ಹಾಲ್ವರ್ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಸ್ಟೂರ್‌ನೂಟ್‌ನ ನೆತ್ತಿಯ ಕಲ್ಲುರಾಶಿ ಮುಟ್ಟಿ ತನ್ನ ಕಾಲ ಮೇಲೆ ಇಳಿದು ಬಂದರೆ ಉಳಿಯುವುದು. ಆಗದೆ ಹೋದರೆ ಫ್ಲಾಟು. ಅವಸರ ಮಾಡದಿದ್ದರೆ ಅಡ್ಡಿಯಿಲ್ಲ ಎಂದು ಡಾಕ್ಟರೂ ಹೇಳಿದ್ದರಂತೆ.

ನನಗೆ ಅವನು ಉಳಿಯಲೇಬೇಕಿತ್ತು. ಇಷ್ಟು ವರ್ಷ ನನ್ನ ಕಥೆಗಳನ್ನು ಕೇಳಿಯೂ ಹುಬ್ಬೇರಿಸದ ಮನುಷ್ಯ ಅವನೊಬ್ಬನೇ. ನಾನು ಒಂದೇ ಗಾಳದಲ್ಲಿ ಕೊಳದ ಮೀನನ್ನೆಲ್ಲ ಖಾಲಿ ಮಾಡಿದ್ದನ್ನು ಹೇಳಿದಾಗ, ಹಾಗಾದರೆ ಬುಟ್ಟಿ ಸಾಕಾಯಿತೇ ಎಂದಷ್ಟೇ ಕೇಳಿದವನು. ಅಂಥ ಕಿವಿ ಇಡೀ ನಾರ್ವೆಯಲ್ಲಿ ಇನ್ನೊಂದು ಜೋಡಿ ಸಿಗುವುದಿಲ್ಲ.

ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿದಾಗ ಬಿಸಿಲು ಚೆನ್ನಾಗಿತ್ತು, ಹಿಮ ಗಂಜಿಯಾಗಿತ್ತು. ತುಪ್ಪಳದ ಪಟ್ಟಿ ಕಟ್ಟಿಕೊಳ್ಳೋಣವೇ ಎಂದು ಹಾಲ್ವರ್ ಮೆಲ್ಲಗೆ ವಿಚಾರಿಸಿದ. ಸ್ಕೀಯ ಅಡಿಗೆ ಅಂಟಿಸಿಕೊಳ್ಳುವ ಆ ಪಟ್ಟಿಯ ಕೂದಲು ಹಿಂದಕ್ಕೆ ಬಾಗಿರುತ್ತದೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಎಂಥ ಸೋಮಾರಿಯೂ ಅದನ್ನು ಕಟ್ಟಿಕೊಂಡು ಹತ್ತಬಹುದು, ಅದಕ್ಕೇ ಅದು ಪಟ್ಟಣದವರಿಗೆ ಇರಲಿ ಎಂದು ನಮ್ಮ ಕಡೆಯವರು ಬಿಟ್ಟುಬಿಟ್ಟಿದ್ದೇವೆ. ನಾವು ಹಿಂದಕ್ಕೆ ಜಾರದಿರಲು ಮೇಣ ಹಚ್ಚುವ ಜನ. ನನ್ನ ಅಜ್ಜ ಬರೀ ಮೇಣದ ಬಲದಿಂದ ಚರ್ಚಿನ ಗೋಡೆ ಹತ್ತಿದ್ದ. ಇಳಿಯುವಾಗಷ್ಟೇ ಏಣಿ ಕೇಳಿದ್ದು.

ನಾನು ಅಂಟುಮೇಣದ ಟ್ಯೂಬು ತೆಗೆದೆ. ಅದು ಕಾಕಂಬಿಯಂಥ ಪದಾರ್ಥ. ಸ್ಕೀಗೆ ಹಚ್ಚಿದಷ್ಟೇ ಕೈಗೂ ಗಡ್ಡಕ್ಕೂ ಕಾರಿನ ಬಾಗಿಲಿಗೂ ಹತ್ತುತ್ತದೆ. ಗಂಜಿಯಂಥ ಹಿಮಕ್ಕೆ ಅದರ ಮುಂದೆ ಬೇರೆ ಮದ್ದಿಲ್ಲ. ಆದರೆ ಆ ಗಂಜಿಯ ಮೇಲೆ ಹೊಸ ಒಣಹಿಮ ಬಿದ್ದರೆ ಕಥೆ ಮುಗಿಯಿತು. ಮೇಣ ಕಂಡಕಂಡ ಹಿಮವನ್ನೆಲ್ಲ ಹಿಡಿದು ಉಂಡೆ ಕಟ್ಟುತ್ತದೆ. ಇದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಹೊಸ ಹಿಮ ಬೀಳುವುದಿಲ್ಲ ಎಂದು ನನ್ನ ಮೂಗು ಹೇಳಿಯಾಗಿತ್ತು. ಹಾಲ್ವರ್ ಇನ್ನೊಂದು ಮಾತಾಡದೆ ತನ್ನ ಸ್ಕೀಗಳನ್ನು ಚಾಚಿದ. ಧಾರಾಳವಾಗಿ ಬಳಿದೆ.

ಬೆಟ್ಟ ಹತ್ತುವವರು ರಾತ್ರಿ ತಂಗಲೆಂದು ನಡುದಾರಿಯಲ್ಲಿ ಕಟ್ಟಿದ ಗುಡಿಸಲಿನವರೆಗಿನ ಏರು ಅಂಥ ದೊಡ್ಡದೇನಲ್ಲ, ಆಕಾಶಕ್ಕಿಂತ ಸ್ವಲ್ಪ ಕಡಿಮೆ. ಹಾಲ್ವರ್ ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಕೋಲುಗಳ ಮೇಲೆ ಭಾರ ಹಾಕಿ ಕಣಿವೆ ನೋಡುವುದು, ಮತ್ತೆ ಹೆಜ್ಜೆ ಇಡುವುದು. ಅವನಿಗೆ ಬೇಸರವಾಗದಿರಲಿ ಎಂದು ನಾನೂ ಅಷ್ಟಷ್ಟಕ್ಕೇ ನಿಂತೆ. ನನ್ನ ಉಸಿರು ರೈಲಿನ ಹಾಗೆ ಕೂಗುತ್ತಿದ್ದುದು ಅವನಿಗೆ ಜೊತೆ ಕೊಡಲೆಂದೇ. ಬೆನ್ನಿನ ಚೀಲದಲ್ಲಿ ಯಾರೋ ದಾರಿಯಲ್ಲಿ ಕರುವೊಂದನ್ನು ತುಂಬಿದ್ದರು. ನೆರಳು ಉದ್ದವಾಗುವ ಹೊತ್ತಿಗೆ ಗುಡಿಸಲು ಸಿಕ್ಕಿತು.

ಅಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆ ಹೊತ್ತಿಸಿ, ಹಿಮ ಕರಗಿಸಿ, ಕಾಫಿ ಕುದಿಸಿ, ಒಣಗಿಸಿದ ಕುರಿಮಾಂಸ ಹೆರೆದು ರೊಟ್ಟಿಯ ಮೇಲಿಟ್ಟೆ. ಹಾಲ್ವರ್ ಒಂದು ಬೂಟು ಬಿಚ್ಚಿ ಇನ್ನೊಂದನ್ನು ನೋಡುತ್ತ ಕೂತಿದ್ದ. ಆ ಬೂಟು ಬೇರೆ ಯಾರದೋ, ಅದನ್ನು ತಾನು ಮುಟ್ಟಬಹುದೋ ಬಾರದೋ ಎಂಬಂತೆ. ನಾನು ಚಿಕ್ಕಂದಿನಲ್ಲಿ ಹಿಮಕರಡಿಗೆ ಸ್ಕೀ ಕಲಿಸಿದ ಕಥೆ ಶುರು ಮಾಡಿದೆ. ಕರಡಿ ಇನ್ನೂ ಮೊದಲ ತಿರುವು ತೆಗೆದುಕೊಂಡಿರಲಿಲ್ಲ, ಕಥೆ ಹೇಳುತ್ತಿದ್ದ ನಾನೇ ನಿದ್ದೆಗೆ ಜಾರಿದೆ.

ಬೆಳಿಗ್ಗೆ ಬಾಗಿಲು ತಳ್ಳಿದರೆ ಬಾಗಿಲು ತಿರುಗಿ ನನ್ನನ್ನೇ ತಳ್ಳಿತು. ಹಿಟ್ಟಿನಂಥ ಒಣಹಿಮ ಹೊಸ್ತಿಲು ಮುಚ್ಚುವಷ್ಟು ಬಿದ್ದಿತ್ತು. ಮೇಲೆ ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಆಗ ಒಲೆಯ ಮುಂದೆ ಕೂತು, ಸ್ಕೀ ಕಾಯಿಸಿ, ಚಿಂದಿ ಬಟ್ಟೆಯಿಂದ ಅಂಟುಮೇಣವನ್ನೆಲ್ಲ ಒರೆಸಬೇಕಿತ್ತು. ಹಾಲ್ವರ್ ಚಿಂದಿಯನ್ನು ಹುಡುಕಿಯೂ ಇಟ್ಟಿದ್ದ. ಆದರೆ ಒರೆಸಿದರೆ ಮೂಗು ಸುಳ್ಳು ಹೇಳಿತು ಎಂದು ಒಪ್ಪಿದ ಹಾಗಾಗುತ್ತದೆ. ಬಿಸಿಲು ಏರಿದರೆ ಇದೆಲ್ಲ ಮತ್ತೆ ಗಂಜಿಯೇ, ಹೀಗೇ ನಡೆ ಎಂದೆ. ಮುಂದೆ ಬರುವವರಿಗೆಂದು ಸೌದೆ ಸೀಳಿ ಪೆಟ್ಟಿಗೆ ತುಂಬಿದೆವು, ಬಕೆಟ್ಟಿಗೆ ನೀರು ತುಂಬಿದೆವು, ನೆಲ ಗುಡಿಸಿದೆವು. ಹೊರಡುವ ಮುಂಚೆಯೇ ನನ್ನ ತೋಳುಗಳು ಮನೆಗೆ ಹೋಗೋಣ ಎನ್ನುತ್ತಿದ್ದವು.

ಆಮೇಲಿನದನ್ನು ನಾನು ಸ್ವಲ್ಪವೂ ಹೆಚ್ಚು ಮಾಡದೆ ಹೇಳುತ್ತೇನೆ. ಮೊದಲ ಹೆಜ್ಜೆಗೆ ಸ್ಕೀಯ ಅಡಿಗೆ ಒಂದು ರೊಟ್ಟಿಯಷ್ಟು ಹಿಮ ಅಂಟಿತು. ಎರಡನೆಯದಕ್ಕೆ ರೊಟ್ಟಿ ದಿಂಬಾಯಿತು, ದಿಂಬು ಹಾಸಿಗೆಯಾಯಿತು. ನಾನು ಎತ್ತರವಾಗುತ್ತ ಹೋಗಿ ಒಂದು ಹಂತದಲ್ಲಿ ಗಡಿಯಾಚೆ ಸ್ವೀಡನ್ನಿನ ಕೊಟ್ಟಿಗೆಯೊಂದರಲ್ಲಿ ಹಾಲು ಕರೆಯುವುದು ಕಾಣಿಸಿತು. ಕೋಲಿನಿಂದ ಹೊಡೆದು ಉದುರಿಸಿದರೆ ಧೊಪ್ಪನೆ ನೆಲಕ್ಕೆ ಇಳಿಯುವುದು, ಒಂದು ಹೆಜ್ಜೆ ಇಟ್ಟರೆ ಮತ್ತೆ ಏರುವುದು. ಬೆಟ್ಟ ನಮ್ಮ ಕಾಲ ಕೆಳಗಿದ್ದದ್ದಲ್ಲ, ನಾವೇ ಬೆಟ್ಟವನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದೆವು. ಬಿಸಿಲು ಬಂತು. ಹಿಮ ಗಂಜಿಯಾಗಲಿಲ್ಲ. ನನ್ನ ಸೊಂಟ ಮಾತು ನಿಲ್ಲಿಸಿತು. ಆಮೇಲೆ ನಾನೂ ನಿಲ್ಲಿಸಿದೆ. ನಾನು ಸುಮ್ಮನಿರುವುದನ್ನು ಆ ಪರ್ವತಗಳು ಕಂಡಿರಲಿಲ್ಲ. ಹಾಲ್ವರ್ ತಿರುಗಿ ನೋಡಿದ.

ನೆತ್ತಿಗಿಂತ ಸ್ವಲ್ಪ ಕೆಳಗೆ ಸ್ಟೂರ್‌ನೂಟ್‌ಗೆ ಒಂದು ಚಪ್ಪಟೆ ಭುಜವಿದೆ. ಅಲ್ಲಿಂದ ಮೇಲಕ್ಕೆ ಅಗಲವಾದ ಬೆನ್ನು, ಹಿಮ ಕುಸಿಯುವ ಭಯವಿಲ್ಲದ ಜಾಗ. ಆ ಭುಜದ ಮೇಲೆ ನಾನು ಕೂತೆ. ಕೂತೆ ಎನ್ನುವುದಕ್ಕಿಂತ ನನ್ನನ್ನು ಯಾರೋ ಅಲ್ಲಿ ಇಳಿಸಿ ಹೋದರು ಎನ್ನಬೇಕು.

ಹಾಲ್ವರ್ ಚೀಲದ ತಳಕ್ಕೆ ಕೈ ಹಾಕಿ ಸುರುಳಿ ಸುತ್ತಿದ ತುಪ್ಪಳದ ಪಟ್ಟಿಗಳನ್ನು ತೆಗೆದ. ಗುನ್ವೊರ್ ತುರುಕಿದ್ದಳಂತೆ. ನಿನ್ನೆಯಿಂದಲೂ ಅಲ್ಲೇ ಇದ್ದವು.

“ಒಂದೇ ಜೋಡಿ ಇರೋದು,” ಎಂದ. “ನೀನು ಕಟ್ಕೋತೀಯಾ?”

“ಆ ಸತ್ತ ಬೆಕ್ಕನ್ನ ನನ್ನ ಸ್ಕೀ ಹತ್ರ ತರ್ಬೇಡ. ನೀನು ಹೋಗು. ಪರೀಕ್ಷೆ ನಿಂದು, ನಂದಲ್ಲ.”

ಅವನು ಚಾಕು ತೆಗೆದು ಸ್ಕೀಗೆ ಹಚ್ಚಿದ ಮೇಣವನ್ನು ಹೆರೆಯತೊಡಗಿದ. ನಾನು ಧಾರಾಳವಾಗಿ ಬಳಿದಿದ್ದೆನಲ್ಲ, ಬಹಳ ಹೊತ್ತು ಹಿಡಿಯಿತು. ಒಂದು ಬೈಗುಳವೂ ಇಲ್ಲ. ಪಟ್ಟಿ ಅಂಟಿಸಿ ಹೊರಟ. ಉಂಡೆ ಕಟ್ಟದ ಸ್ಕೀಯ ಮೇಲೆ ಅವನ ನಡಿಗೆ ಬೇರೆಯೇ ಆಗಿಬಿಟ್ಟಿತು. ನಿಧಾನ, ಆದರೆ ನಿಲ್ಲದ ನಡಿಗೆ. ನಾನು ಕಿತ್ತಳೆ ಸುಲಿಯುತ್ತ ನೋಡಿದೆ. ಎದೆ ಸೀಳಿಸಿಕೊಂಡ ಮನುಷ್ಯ ಬಿಳಿಯ ಬೆನ್ನಿನ ಮೇಲೆ ಕಪ್ಪು ಚುಕ್ಕೆಯಾಗಿ ಏರುತ್ತಿದ್ದ. ಅಕ್ಕನ ಅಡುಗೆಮನೆಯಲ್ಲಿ ಮುಂದಿನ ಚಳಿಗಾಲವೆಲ್ಲ ಕೂತು ಹೇಳಬೇಕಾದ ಕಥೆಯನ್ನು ನಾನು ಆಗಲೇ ಹೊಸೆಯುತ್ತಿದ್ದೆ.

ಕಲ್ಲುರಾಶಿಯ ಹತ್ತಿರ ಹತ್ತಿರ ಹೋಗಿ ಚುಕ್ಕೆ ನಿಂತಿತು.

ಉಸಿರಿಗಾಗಿ ನಿಂತಿರಬೇಕು ಎಂದುಕೊಂಡೆ. ಕಿತ್ತಳೆಯ ತೊಳೆಗಳೆಲ್ಲ ಮುಗಿದವು, ಅವನು ಕದಲಲಿಲ್ಲ. ಕೂಗಿದೆ. ನಾನು ಕೂಗಿದರೆ ಮೂರು ಕಣಿವೆಯಾಚೆ ನಾಯಿ ಬೊಗಳುತ್ತದೆ, ಆದರೆ ಅಂದು ಗಂಟಲಿನಿಂದ ಗಾಳಿ ಮಾತ್ರ ಬಂತು. ಏಳಲು ನೋಡಿದೆ. ಕಾಲು ಏಳಲಿಲ್ಲ. ಅವನ ಎದೆಯೊಳಗಿನ ಹೊಲಿಗೆ ಬಿಚ್ಚುತ್ತಿದೆ, ನಾನು ಇಲ್ಲಿ ಸಿಪ್ಪೆ ಹಿಡಿದು ಕೂತಿದ್ದೇನೆ ಎನ್ನಿಸಿ ಬೆವರಿದೆ. ಅಷ್ಟರಲ್ಲಿ ಅವನು ಬಗ್ಗಿ ಪಟ್ಟಿ ಕಿತ್ತು, ಸುತ್ತಿ ಕೋಟಿನೊಳಗೆ ಇಟ್ಟುಕೊಂಡ. ತಿರುಗಿದ. ಎಂಥ ಇಳಿತವದು! ಹೊಸ ಹಿಮದ ಮೇಲೆ ಒಂದರ ಹಿಂದೊಂದು ತಿರುವು, ಬಾಣಲೆಯ ಎಣ್ಣೆಯಲ್ಲಿ ಹಿಟ್ಟು ಬಿಟ್ಟಷ್ಟು ಸಲೀಸು. ಇದಕ್ಕೆ ನಾನು ಏನೂ ಸೇರಿಸಿಲ್ಲ.

“ಎದೆನಾ?” ಎಂದೆ.

“ಇಲ್ಲ. ಎದೆ ಚೆನ್ನಾಗೇ ಇದೆ.”

“ಮತ್ತೇನೋ? ಕೋಲು ಚಾಚಿದ್ರೆ ಮುಟ್ತಿತ್ತಲ್ಲ.”

“ಮುಟ್ತಿತ್ತು.” ಅವನು ನನ್ನ ಪಕ್ಕ ಕೂತು ಕೈಗವಸು ಬಿಚ್ಚಿ ಮುಖ ಒರೆಸಿಕೊಂಡ. “ಮುಟ್ಟಿದ್ರೆ ಬರೋ ವರ್ಷನೂ ಬರ್ಬೇಕಾಗುತ್ತೆ ತೊರ್ಗೆರ್. ಅದರ ಮುಂದಿನ ವರ್ಷನೂ. ಇನ್ನೂ ಆಗುತ್ತೆ, ಇನ್ನೂ ಆಗುತ್ತೆ ಅಂತ ತೋರಿಸ್ತಾನೇ ಇರ್ಬೇಕು. ಅಲ್ಲಿ ನಿಂತಾಗ ಗೊತ್ತಾಯ್ತು. ನಂಗೆ ಸಾಕಾಗಿದೆ.”

ಮುಟ್ಟಿದೆವು ಎಂದೇ ಹೇಳೋಣ, ಬೆಟ್ಟ ಬಂದು ಚಾಡಿ ಹೇಳುವುದಿಲ್ಲ ಎಂದು ನಾನು ಬೇಡಿಕೊಂಡೆ. ಕಣಿವೆಯ ಹೊಳೆ, ಅವನ ದೋಣಿ, ನನ್ನ ಸಂಜೆಗಳು, ಎಲ್ಲವನ್ನೂ ಅವನ ಮುಂದೆ ಹರಡಿದೆ. ಅವನು ನನ್ನ ಸ್ಕೀಗಳನ್ನು ತೊಡೆಯ ಮೇಲೆ ಎಳೆದುಕೊಂಡು ಅವುಗಳ ಮೇಣವನ್ನೂ ಹೆರೆದುಕೊಟ್ಟ.

ಇಳಿದದ್ದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಅವನು ಇಳಿದ. ನಾನು ಬಿದ್ದೆ, ಎದ್ದೆ, ಬಿದ್ದ ಕಡೆಯೇ ಒಂದಿಷ್ಟು ವಿಶ್ರಾಂತಿ ಪಡೆದೆ.

ಸಂಜೆಯ ಮುಂಚೆ ಅಕ್ಕನ ಅಡುಗೆಮನೆ ಸೇರಿದೆವು. ಹಾಲ್ವರ್ ಕೋಟು ಬೂಟು ಸಮೇತ ಗೋಡೆ ಬದಿಯ ಬೆಂಚಿನ ಮೇಲೆ ಕೂತ. ಗುನ್ವೊರ್ ಅವನ ಮುಖ ನೋಡಿದಳು. ಅವನು ಬಾಯಿ ತೆರೆಯುವ ಮುಂಚೆ ನಾನೇ ಹೇಳಿಬಿಟ್ಟೆ.

“ಹೋಗಿದ್ವಿ ಅಕ್ಕ. ಮುಟ್ಟಿ ಬಂದ್ವಿ.”

“ಗಾಳಿ ಇತ್ತಾ ಮೇಲೆ?”

“ಸ್ವಲ್ಪ.”

“ಏನು ಕಾಣಿಸ್ತು?”

“ಬೆಟ್ಟಗಳು.”

ಅವಳು ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. “ಲೋ, ನೀನು ಹಾಲು ತರೋಕೆ ಹೋದ್ರೂ ದಾರೀಲಿ ತೋಳ ಸಿಕ್ಕಿರುತ್ತೆ. ಸ್ಟೂರ್‌ನೂಟ್ ಹತ್ತಿದವನಿಗೆ ಬರೀ ಬೆಟ್ಟ ಕಾಣಿಸ್ತಾ?”

ನನ್ನ ಬಾಯಲ್ಲಿ ಇಡೀ ಆಯುಷ್ಯಕ್ಕೆ ಸಾಲುವಷ್ಟು ಕಥೆಯ ಸಾಮಾನು ತುಂಬಿದೆ. ಬೇಕಾದ ಹೊತ್ತಿಗೆ ಒಂದೂ ಕೈಗೆ ಸಿಗಲಿಲ್ಲ. ಅಷ್ಟು ಸುಸ್ತಾಗಿದ್ದೆ.

“ಭುಜ ದಾಟಿ ಹೋಗಿದ್ದೆ,” ಎಂದ ಹಾಲ್ವರ್, ಕಣ್ಣು ಮುಚ್ಚಿಕೊಂಡೇ. “ಆಗ್ತಿತ್ತು ಗುನ್ವೊರ್. ಬೇಡ ಅನ್ನಿಸ್ತು. ವಾಪಸ್ ಬಂದೆ.”

ಅವಳು ಪಾತ್ರೆ ಹಿಡಿದೇ ನಿಂತಿದ್ದಳು. ಕಿಟಕಿಯಾಚೆ ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಸಿಟ್ಟು ಬರುತ್ತದೆಯೋ ಅಳು ಬರುತ್ತದೆಯೋ ಎಂದು ಕಾದೆ. ಎರಡೂ ಬರಲಿಲ್ಲ.

“ಫ್ಲಾಟಾದ್ರೆ ಎರಡನೇ ಮಹಡಿದೇ ಇರ್ಲಿ,” ಎಂದಳು ಕೊನೆಗೆ. “ಅಲ್ಲಿಂದ್ಲೂ ಹೊಳೆ ಕಾಣುತ್ತೆ ಅಂತಿದ್ರಲ್ಲ.”

ಹಾಲ್ವರ್‌ನ ತಲೆ ಗೋಡೆಗೆ ಒರಗಿ ಬಾಯಿ ತುಸು ತೆರೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾನೆ, ತನ್ನ ಎದೆಯನ್ನು ತಾನೇ ಕಾವಲು ಕಾಯುವವನ ಹಾಗೆ, ಎಂದು ಅವಳು ಪಿಸುಗುಟ್ಟಿದಳು. ಎಬ್ಬಿಸಬೇಡ ಎಂದು ಕೈಸನ್ನೆ ಮಾಡಿದಳು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದು ಬೂಟಿನ ಲಾಡಿ ಬಿಚ್ಚಿದೆವು. ನನ್ನ ಪಾಲಿನ ಗಂಟು ಹಿಮಗಟ್ಟಿತ್ತು, ಹಲ್ಲು ಹಾಕಬೇಕಾಯಿತು.

ಅವಳು ನನಗೆ ಕಾಫಿ ಬಗ್ಗಿಸಿ ಕಂದು ಚೀಸಿನ ರೊಟ್ಟಿ ತಂದಿಟ್ಟಳು. ತಾನೂ ಎದುರಿಗೆ ಕೂತಳು.

“ಏನಾದ್ರೂ ಹೇಳೋ,” ಎಂದಳು. “ಮೆಲ್ಲಗೆ.”

ಗುಡಿಸಲಿನ ಚಿಮಣಿ ಮುಳುಗುವಷ್ಟು ಹಿಮ ಬಿದ್ದಿತ್ತು ಎಂದು ಶುರು ಮಾಡಿದೆ. ಬೆಂಚಿನ ಮೇಲೆ ಹಾಲ್ವರ್ ಕದಲಿದ. ಹಿಮವನ್ನು ಚಿಮಣಿಯ ಅರ್ಧಕ್ಕೆ ಇಳಿಸಿದೆ.